ತ್ಸೋ ಮೊರಿರಿ ಸೈಕಲ್ ಸುತ್ತು: ಲೇಹ್‌ನಿಂದ ಹೊರಟು ಎರಡು ಸರೋವರ ಮುಟ್ಟಿ ಮರಳಲು ಸಮಗ್ರ ಮಾರ್ಗದರ್ಶಿ

ಲಡಾಖ್‌ನ ತ್ಸೋ ಮೊರಿರಿ ಸರೋವರಕ್ಕೆ ಸೈಕಲ್ ಹೊಡೆದುಕೊಂಡು ಹೊರಟವರಲ್ಲಿ ನಡುದಾರಿಯಲ್ಲೇ ಜೀಪಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ವಾಪಸಾಗುವವರು ಕಡಿಮೆಯೇನಲ್ಲ. ಕಾಲಿನಲ್ಲಿ ಕಸುವಿಲ್ಲದೆ ಹೀಗಾಗುವುದು ಅಪರೂಪ. ದಾರಿಯನ್ನು ಹಿಂದುಮುಂದಾಗಿ ಹಿಡಿದಿರುತ್ತಾರೆ, ಇಲ್ಲವೇ ಬಯಲುಸೀಮೆಯ ಲೆಕ್ಕದಲ್ಲಿ ದಿನಕ್ಕೆ 80 ಕಿ.ಮೀ. ಎಂದು ಯೋಜನೆ ಬರೆದುಕೊಂಡಿರುತ್ತಾರೆ, ಅದೂ ಇಲ್ಲದಿದ್ದರೆ ಲೇಹ್‌ನಲ್ಲಿ ಕೂರಬೇಕಾದ ದಿನಗಳನ್ನು ಉಳಿಸಲು ಹೋಗಿರುತ್ತಾರೆ. ಈ ಮೂರು ತಪ್ಪುಗಳನ್ನು ತಪ್ಪಿಸಿದರೆ ನಿಯಮಿತವಾಗಿ ಸೈಕಲ್ ತುಳಿಯುವ ಯಾರಿಗಾದರೂ ಈ ಸುತ್ತು ಸಾಧ್ಯ.

ಮೊದಲೇ ಒಂದು ಮಾತು. ತ್ಸೋ ಮೊರಿರಿಯ ದಡ ಹಿಡಿದು ಪೂರ್ತಿ ಪ್ರದಕ್ಷಿಣೆ ಹಾಕಲು ಆಗುವುದಿಲ್ಲ. ನಕ್ಷೆಯಲ್ಲಿ ಉತ್ತರ–ದಕ್ಷಿಣವಾಗಿ 25 ಕಿ.ಮೀ.ಗೂ ಹೆಚ್ಚು ಚಾಚಿಕೊಂಡ ನೀಲಿ ಪಟ್ಟಿ ಕಂಡು "ಒಂದು ದಿನದ ಸುತ್ತು" ಎಂದು ಲೆಕ್ಕ ಹಾಕುವವರಿದ್ದಾರೆ. ವಾಹನದ ರಸ್ತೆ ಇರುವುದು ಕೋರ್ಝೋಕ್ ಹಳ್ಳಿ ಇರುವ ಪಶ್ಚಿಮ ದಂಡೆಯ ಕಡೆಗೆ. ದಕ್ಷಿಣಕ್ಕೆ ಹೋದಂತೆ ಚುಮುರ್ ಕಡೆಯ ಗಡಿಪ್ರದೇಶ. ಆದ್ದರಿಂದ ಇಲ್ಲಿ ಸುತ್ತು ಎಂದರೆ ಇದು: ಲೇಹ್ – ಉಪ್ಶಿ – ಚುಮಾಥಾಂಗ್ – ಮಾಹೆ – ಸುಮ್ಡೋ – ಕೋರ್ಝೋಕ್, ಅಲ್ಲಿಂದ ಸುಮ್ಡೋಗೆ ಮರಳಿ ಪುಗಾ – ತ್ಸೋ ಕಾರ್ – ತಗ್ಲಾಂಗ್ ಲಾ – ಉಪ್ಶಿ – ಲೇಹ್. ಇಲ್ಲಿನ ಹೆಸರುಗಳಲ್ಲಿ 'ತ್ಸೋ' ಎಂದರೆ ಸರೋವರ, 'ಲಾ' ಎಂದರೆ ಘಾಟಿ. ಎಲ್ಲ ಸೇರಿ 450 ಕಿ.ಮೀ. ಆಚೀಚೆ. ಲೇಹ್‌ನಲ್ಲಿ ಕೂರುವ ದಿನಗಳೂ ಸೇರಿ 15–16 ದಿನ ಇಟ್ಟುಕೊಳ್ಳಿ.

## ಹಂತ 1: ದಿಕ್ಕು ನಿಗದಿ ಮಾಡಿ

ಬೇರೆ ಯಾವ ತಯಾರಿಗಿಂತಲೂ ಮೊದಲು ಇದು. ಸಿಂಧೂ ನದಿಯ ಕಣಿವೆಯಲ್ಲಿ ಮೇಲಕ್ಕೆ ಹೋಗಿ, ತಗ್ಲಾಂಗ್ ಲಾ ದಾಟಿ ಇಳಿದು ಬನ್ನಿ. ಉಲ್ಟಾ ಬೇಡ.

ಕಾರಣ ಎತ್ತರದ ಲೆಕ್ಕದಲ್ಲಿದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನದಿಗೆ ಇಳಿದು ಉಪ್ಶಿಗೆ ಬಂದರೆ 3,400. ಚುಮಾಥಾಂಗ್ ಸುಮಾರು 4,000, ಮಾಹೆ ಸೇತುವೆ 4,100ರ ಮೇಲೆ, ಸುಮ್ಡೋ ಅದಕ್ಕಿಂತ ಇನ್ನಷ್ಟು ಎತ್ತರ, ಕೋರ್ಝೋಕ್ 4,560ರ ಸುಮಾರು. ಪ್ರತಿ ರಾತ್ರಿ ಮಲಗುವ ಜಾಗ ಸ್ವಲ್ಪಸ್ವಲ್ಪವೇ ಮೇಲೇರುತ್ತದೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮರುರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಾಮಾನ್ಯ ಸೂತ್ರ. ಈ ಕಣಿವೆ ಆ ಸೂತ್ರಕ್ಕೆ ಹೇಳಿ ಮಾಡಿಸಿದಂತಿದೆ.

ಉಲ್ಟಾ ಹೋದರೆ ಉಪ್ಶಿಯಿಂದ ರುಮ್ತ್ಸೆ, ಮರುದಿನ 5,328 ಮೀಟರ್‌ನ ತಗ್ಲಾಂಗ್ ಲಾ, ಅದೇ ಸಂಜೆ 4,500 ಮೀಟರ್ ಮೀರಿದ ಬಯಲಿನಲ್ಲಿ ರಾತ್ರಿ. ದೇಹಕ್ಕೆ ಒಗ್ಗಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. ಮನಾಲಿಯಿಂದಲೇ ಸೈಕಲ್ ತುಳಿದು ಬಂದು, ಸಾರ್ಚು, ಪಾಂಗ್‌ನಲ್ಲಿ ರಾತ್ರಿ ಕಳೆದು ತ್ಸೋ ಕಾರ್ ಕಡೆಗೆ ತಿರುಗುವವರ ಮಾತು ಬೇರೆ. ಅಷ್ಟರೊಳಗೆ ಅವರು ಒಗ್ಗಿರುತ್ತಾರೆ, ಅಥವಾ ಒಗ್ಗುವುದಿಲ್ಲ ಎಂಬುದು ಗೊತ್ತಾಗಿರುತ್ತದೆ.

ಇನ್ನೊಂದು ವಿಷಯವನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಕೋರ್ಝೋಕ್ ಮತ್ತು ತ್ಸೋ ಕಾರ್ ಎರಡೂ ಬೋಗುಣಿಯ ತಳದಲ್ಲಿ ಕೂತಂತಿವೆ. ಅಲ್ಲಿಂದ ಕೆಳಗಿಳಿಯಬೇಕಾದರೆ ಮೊದಲು ಒಂದು ಘಾಟಿ ಹತ್ತಲೇಬೇಕು. ಆರೋಗ್ಯ ಕೆಟ್ಟಾಗ "ಇಳಿದುಬಿಡೋಣ" ಎಂಬುದು ಅಲ್ಲಿ ಅಷ್ಟು ಸಲೀಸಲ್ಲ. ಹಾಗಾಗಿ ತೀರ್ಮಾನಗಳನ್ನೆಲ್ಲ ಆ ಬೋಗುಣಿಗೆ ಇಳಿಯುವ ಮೊದಲೇ ತೆಗೆದುಕೊಳ್ಳಬೇಕು.

## ಹಂತ 2: ಕಾಲ, ಕಾಗದಪತ್ರ, ಫೋನು, ಹಣ

ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರಿಯಾದ ಕಾಲ. ಜುಲೈ–ಆಗಸ್ಟ್‌ನಲ್ಲಿ ಹಗಲು ಹಿತ, ಆದರೆ ಹಿಮ ಕರಗಿ ಹಳ್ಳಗಳು ತುಂಬಿರುತ್ತವೆ, ಅಪರೂಪಕ್ಕೆ ಸುರಿಯುವ ಜೋರುಮಳೆ ಸಿಂಧೂ ಕಂದರದಲ್ಲಿ ಕಲ್ಲು ಉರುಳಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿ, ಗಾಳಿ ಒಣ, ಕೋರ್ಝೋಕ್‌ನ ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೆ. ಒಂದನ್ನೇ ಆರಿಸು ಎಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ.

ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ (ಗಡಿಪ್ರದೇಶ ಪ್ರವೇಶದ ಅನುಮತಿ) ನಿಯಮ 2021ರಲ್ಲಿ ಸಡಿಲವಾಯಿತು, ಆದರೆ ಪರಿಸರ ಶುಲ್ಕ ಮುಂತಾದವನ್ನು ಕಟ್ಟಬೇಕು. ನಿಯಮ ಮತ್ತೆ ಬದಲಾಗಬಹುದು, ಹೊರಡುವ ವಾರ ಲೇಹ್ ಆಡಳಿತದ ಪೋರ್ಟಲ್ ನೋಡಿ. ರಸೀದಿ ಮತ್ತು ಆಧಾರ್‌ನ ನಾಲ್ಕೈದು ಜೆರಾಕ್ಸ್ ಪ್ರತಿ ಕೈಚೀಲದಲ್ಲೇ ಇರಲಿ, ಪ್ಯಾನಿಯರ್ (ಕ್ಯಾರಿಯರಿನ ಬದಿಗೆ ತೂಗುವ ಚೀಲ) ತಳದಲ್ಲಿ ಬೇಡ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹೊಂದಿರುವ ಕನ್ನಡಿಗರು ಇಲ್ಲಿ ಎಡವುತ್ತಾರೆ. ಈ ವಿಷಯದಲ್ಲಿ ಅವರನ್ನು ವಿದೇಶಿಯರೆಂದೇ ಎಣಿಸುತ್ತಾರೆ. ಲೇಹ್‌ನ ನೋಂದಾಯಿತ ಟ್ರಾವೆಲ್ ಏಜೆಂಟ್ ಮೂಲಕ ಸಂರಕ್ಷಿತ ಪ್ರದೇಶದ ಪರ್ಮಿಟ್ ಮಾಡಿಸಬೇಕು. ಅದಿಲ್ಲದೆ ಮಾಹೆಯ ಚೆಕ್‌ಪೋಸ್ಟ್‌ವರೆಗೆ ತುಳಿದರೆ ಅಷ್ಟೂ ದೂರ ಹಿಂದಕ್ಕೆ ತುಳಿಯಬೇಕಾಗುತ್ತದೆ.

ಬೇರೆ ರಾಜ್ಯದ ಪ್ರೀಪೇಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಅದಿದ್ದರೂ ಉಪ್ಶಿ ದಾಟಿದ ಮೇಲೆ ಸಿಗ್ನಲ್ ಬಂದಲ್ಲಿ ಬಂತು. ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡೇ ಹೊರಡಿ. ಲೇಹ್ ಬಿಟ್ಟ ಮೇಲೆ ಎಟಿಎಂ ನೆಚ್ಚಿಕೊಳ್ಳಬೇಡಿ. ಪೂರ್ತಿ ಖರ್ಚಿಗೆ ಬೇಕಾದ ನಗದಿನ ಜೊತೆಗೆ, ತುರ್ತಿನಲ್ಲಿ ಜೀಪು ಹಿಡಿಯಲು ಬೇಕಾಗುವ ಹಣವನ್ನು ಬೇರೆಯಾಗಿ ಕಟ್ಟಿಡಿ, ಚಿಲ್ಲರೆ ನೋಟುಗಳಲ್ಲಿ.

## ಹಂತ 3: ಸೈಕಲ್ ಸಜ್ಜು ಮಾಡಿ

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾಮಾನ್ಯ ಎಂಟಿಬಿ (ಮೌಂಟನ್ ಬೈಕು), ಅಥವಾ ಅಗಲ ಟೈರು ಹಿಡಿಸುವ ಸ್ಟೀಲ್ ಟೂರಿಂಗ್ ಸೈಕಲ್. ರೋಡ್ ಬೈಕು ಬೇಡ. ದುಬಾರಿ ಸೈಕಲ್ ಬೇಕಿಲ್ಲ, ಆದರೆ ಈ ಕೆಳಗಿನವುಗಳಲ್ಲಿ ರಾಜಿ ಬೇಡ.

ಗೇರು. ಅತ್ಯಂತ ಹಗುರ ಗೇರಿನಲ್ಲಿ ಮುಂದಿನ ಹಲ್ಲು ಹಿಂದಿನದಕ್ಕಿಂತ ಬಹಳ ಕಡಿಮೆ ಇರಬೇಕು: ಮುಂದೆ 22, ಹಿಂದೆ 36, ಅಥವಾ ಮುಂದೆ ಒಂದೇ ಹಲ್ಲುಚಕ್ರ (ಚೈನ್‌ರಿಂಗ್) ಆದರೆ 30ಕ್ಕೆ 51. 22–36ರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 5 ಕಿ.ಮೀ. ಘಾಟಿಗಳಲ್ಲಿ ನಿಮ್ಮ ವೇಗ ಇಷ್ಟೇ ಎಂದು ಮೊದಲೇ ಒಪ್ಪಿಕೊಳ್ಳಿ. ನಂದಿಬೆಟ್ಟವನ್ನು 32–28ರಲ್ಲಿ ಹತ್ತಿದ್ದೇನೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ನಂದಿಯ ತುದಿಯೇ 1,478 ಮೀಟರ್. ತಗ್ಲಾಂಗ್ ಲಾದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಭಾರಿ ಗೇರಿನಲ್ಲಿ ಒತ್ತಿ ತುಳಿದರೆ ಹತ್ತು ನಿಮಿಷದಲ್ಲಿ ಏದುಸಿರು ಬಂದು ಇಳಿದು ತಳ್ಳಬೇಕಾಗುತ್ತದೆ.

ಟೈರು. 2.0ರಿಂದ 2.25 ಇಂಚು. ಹೊರೆ ಸಹಿತ ಹಿಂದೆ 35–40, ಮುಂದೆ 30–35 ಪಿಎಸ್‌ಐ ಸಾಕು, ಕಚ್ಚಾ ದಾರಿಗೆ ಐದು ಕಡಿಮೆ ಮಾಡಿ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಲೇಹ್‌ನಲ್ಲಿ ತುಂಬಿಸಿದ ಟೈರು ಘಾಟಿಯ ಮೇಲೆ ತುಸು ಬಿಗಿಯಾಗುತ್ತದೆ. ಗಾಬರಿ ಬೇಡ, ಆದರೆ ಗರಿಷ್ಠ ಮಿತಿಯವರೆಗೆ ತುಂಬಿಸಿಕೊಂಡು ಹೊರಡಬೇಡಿ.

ಬ್ರೇಕು. ಕೇಬಲ್ ಎಳೆಯುವ ಡಿಸ್ಕ್ ಬ್ರೇಕು ಉತ್ತಮ, ಕೆಟ್ಟರೆ ದಾರಿಯಲ್ಲೇ ಸರಿಪಡಿಸಬಹುದು. ಹೊಸ ಪ್ಯಾಡ್ ಹಾಕಿಸಿ, ಇನ್ನೆರಡು ಜೊತೆ ಹೆಚ್ಚುವರಿ ಇಟ್ಟುಕೊಳ್ಳಿ. ಮರಳು ತುಂಬಿದ ದಾರಿಯಲ್ಲಿ ಪ್ಯಾಡ್ ಸವೆಯುವ ವೇಗಕ್ಕೆ ನಮ್ಮೂರಿನ ಅಂದಾಜು ಸಾಲದು.

ಕ್ಯಾರಿಯರ್. ಸ್ಟೀಲಿನದ್ದು. ಅಲ್ಯೂಮಿನಿಯಂ ಕ್ಯಾರಿಯರ್ ಮುರಿದರೆ ಅಲ್ಲಿ ಬೆಸುಗೆ ಹಾಕಿಸಲು ಆಗದು. ಬೋಲ್ಟುಗಳಿಗೆ, ಅವು ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್ ಹಚ್ಚಿ.

ಸಲಕರಣೆ ಚೀಲದಲ್ಲಿ: ಮೂರು ಟ್ಯೂಬು, ಪ್ಯಾಚ್ ಕಿಟ್, ಟೈರ್ ಲಿವರ್, ಒಳ್ಳೆಯ ಕೈಪಂಪು, ಟೈರು ಹರಿದರೆ ಒಳಗಿಡಲು ಹಳೆ ಟೈರಿನ ಒಂದು ತುಂಡು, ಚೈನ್ ಬ್ರೇಕರ್, ಎರಡು ಕ್ವಿಕ್ ಲಿಂಕ್, ನಿಮ್ಮ ಚಕ್ರದ ಅಳತೆಯದೇ ಆರು ಸ್ಪೋಕು ಮತ್ತು ಸ್ಪೋಕ್ ಕೀ, ಗೇರು–ಬ್ರೇಕು ಕೇಬಲ್ ಒಂದೊಂದು, ಅಲೆನ್ ಕೀ, 5 ಮತ್ತು 6 ಎಂಎಂ ಬೋಲ್ಟುಗಳು, ಜಿಪ್ ಟೈ, ಧೂಳಿಗೆ ಒಗ್ಗುವ ಒಣ ಬಗೆಯ ಚೈನ್ ಎಣ್ಣೆ, ಹಳೆ ಟೂತ್‌ಬ್ರಶ್. ಇವೆಲ್ಲ ಇದ್ದೂ ಜನ ಮರೆಯುವ ವಸ್ತು ಒಂದೇ: ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು. ಪ್ರತಿ ಮಾದರಿಗೂ ಅದು ಬೇರೆ. ವಿಮಾನದಲ್ಲಿ ಬಡಿದು ಸೊಟ್ಟಗಾಗುವುದೂ ಅದೇ. ನಿಮ್ಮ ಸೈಕಲ್ಲಿನದು ಲೇಹ್‌ನ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಬೇಡಿ, ಊರಿನಲ್ಲೇ ಒಂದು ಹೆಚ್ಚುವರಿ ಕೊಳ್ಳಿ.

ಲೇಹ್‌ನಲ್ಲಿ ಸೈಕಲ್ ಬಾಡಿಗೆಗೂ ಸಿಗುತ್ತದೆ. ಅದಕ್ಕೆ ಕ್ಯಾರಿಯರ್ ಕೂರಿಸುವ ರಂಧ್ರಗಳಿವೆಯೇ, ಗೇರು ಮೇಲೆ ಹೇಳಿದಷ್ಟು ಹಗುರವೇ ಎಂದು ನೋಡದೆ ಮುಂಗಡ ಕೊಡಬೇಡಿ.

## ಹಂತ 4: ಹೊರೆ, ವಿಮಾನ

ನೀರು ಬಿಟ್ಟು ಹೊರೆ 15 ಕಿಲೋ ಮೀರದಿರಲಿ. ಟೆಂಟ್ ಬೇಕೇ? ತ್ಸೋ ಕಾರ್ ಬದಿಯ ತುಂಡಿನಲ್ಲಿ ಕತ್ತಲಾದರೆ ಬೇಕು. ಮಿಕ್ಕಂತೆ ಹೋಮ್‌ಸ್ಟೇ, ಗೆಸ್ಟ್‌ಹೌಸ್, ಢಾಬಾ ಸಿಗುತ್ತವೆ. ಮೈನಸ್ 5 ಡಿಗ್ರಿಗೆ ಸಾಲುವ ಮಲಗುಚೀಲ ಮಾತ್ರ ಎಲ್ಲರಿಗೂ ಕಡ್ಡಾಯ. ಬಟ್ಟೆಯಲ್ಲಿ ತೆಳು ಉಣ್ಣೆಯ ಒಳಂಗಿ, ಫ್ಲೀಸ್, ಗಾಳಿ–ಮಳೆ ತಡೆಯುವ ಜಾಕೆಟ್, ಡೌನ್ ಜಾಕೆಟ್, ಎರಡು ಜೊತೆ ಕೈಗವಸು. ಕಿವಿ ಮುಚ್ಚುವ, ಹೆಲ್ಮೆಟ್ ಅಡಿಗೆ ಕೂರುವ ಟೋಪಿ ಇರಲಿ. ಬಿಸಿಲು ಚರ್ಮ ಸುಡುತ್ತದೆ, ತುಟಿಗೂ ಸನ್‌ಸ್ಕ್ರೀನ್ ಬೇಕು.

ದೇಶೀಯ ವಿಮಾನದ ಉಚಿತ ಲಗೇಜು ಸಾಮಾನ್ಯವಾಗಿ 15 ಕಿಲೋ. ಸೈಕಲ್ ಪೆಟ್ಟಿಗೆ ಒಂದೇ ಅದನ್ನು ಮೀರುತ್ತದೆ, ಹೆಚ್ಚುವರಿ ತೂಕವನ್ನು ಆನ್‌ಲೈನ್‌ನಲ್ಲಿ ಮೊದಲೇ ಕೊಂಡರೆ ಕೌಂಟರಿಗಿಂತ ಅಗ್ಗ. ಪ್ಯಾಕ್ ಮಾಡುವ ಕ್ರಮ: ಪೆಡಲ್ ಬಿಚ್ಚಿ (ಎಡ ಪೆಡಲಿನ ತಿರುಪು ಉಲ್ಟಾ), ಹ್ಯಾಂಡಲ್ ತಿರುಗಿಸಿ ಕಟ್ಟಿ, ಮುಂಚಕ್ರ ತೆಗೆದು ಫೋರ್ಕಿನ ನಡುವೆ ಮರದ ತುಂಡು ಕೊಟ್ಟು, ಹಿಂಬದಿಯ ಡಿರೇಲರ್ ಅನ್ನೇ ಬಿಚ್ಚಿ ಫ್ರೇಮಿನೊಳಗೆ ಬಟ್ಟೆ ಸುತ್ತಿ ಕಟ್ಟಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಾದರೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಇಡಿ, ಇಲ್ಲದಿದ್ದರೆ ಸಾಗಣೆಯಲ್ಲಿ ಬ್ರೇಕು ಒತ್ತಿ ಪ್ಯಾಡು ಕಚ್ಚಿಕೊಳ್ಳುತ್ತವೆ. ಟೈರಿನ ಗಾಳಿ ಅರ್ಧ ಇಳಿಸಿ. ಗ್ಯಾಸ್ ಕ್ಯಾನಿಸ್ಟರ್, ಇಂಧನದ ವಾಸನೆ ಇರುವ ಸ್ಟೋವ್ ಯಾವುದನ್ನೂ ಹಾಕಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. 4,500 ಮೀಟರ್‌ನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅಕ್ಕಿ–ಬೇಳೆ ಬೇಯುವುದಿಲ್ಲ. ತೆಳು ಅವಲಕ್ಕಿಗೆ ಒಲೆಯೇ ಬೇಡ. ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಶೇಂಗಾ ಚಿಕ್ಕಿ ಎರಡು ದಿನಕ್ಕಾಗುವಷ್ಟು ಸದಾ ಚೀಲದಲ್ಲಿರಲಿ. ಎತ್ತರದಲ್ಲಿ ಹಸಿವು ಸಾಯುತ್ತದೆ. ಹಸಿವಾದಾಗ ತಿನ್ನೋಣ ಎಂದು ಕಾದರೆ ತಿನ್ನುವುದೇ ಇಲ್ಲ. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ.

## ಹಂತ 5: ಲೇಹ್‌ನಲ್ಲಿ ನಾಲ್ಕು ದಿನ

ಮೊದಲ ಎರಡು ದಿನ ಸೈಕಲ್ ಪೆಟ್ಟಿಗೆಯಿಂದ ತೆಗೆಯಲೇಬೇಡಿ. ಉಂಡು, ಮಲಗಿ, ನಿಧಾನ ನಡೆಯಿರಿ. ಮೊದಲ ದಿನ ಮೈಯೆಲ್ಲ ಚೆನ್ನಾಗಿದೆ ಅನ್ನಿಸುವುದು ಸಹಜ. ಎತ್ತರದ ಕಾಯಿಲೆ ಕಾಣಿಸಿಕೊಳ್ಳಲು ಅರ್ಧ ದಿನದಿಂದ ಒಂದು ದಿನ ಬೇಕು. ಚೆನ್ನಾಗಿದ್ದೇನೆಂದು ಅದೇ ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಮರುದಿನ ಹಾಸಿಗೆ ಹಿಡಿಯುವವರನ್ನು ಲೇಹ್‌ನ ಯಾವ ಗೆಸ್ಟ್‌ಹೌಸಿನವರನ್ನು ಕೇಳಿದರೂ ತೋರಿಸುತ್ತಾರೆ.

ಮೂರನೇ ದಿನ ಸೈಕಲ್ ಜೋಡಿಸಿ ಥಿಕ್ಸೆಯವರೆಗೆ ಹೋಗಿಬನ್ನಿ. ಹೋಗಿಬರಲು 40 ಕಿ.ಮೀ.ಗೆ ತುಸು ಕಡಿಮೆ. ಪೂರ್ತಿ ಹೊರೆ ಹೇರಿಕೊಂಡೇ ಹೋಗಿ, ಕ್ಯಾರಿಯರ್ ಎಲ್ಲಿ ಅಲುಗುತ್ತದೆ, ಗೇರು ಎಲ್ಲಿ ಜಾರುತ್ತದೆ ಎಂಬುದು ಅಂಗಡಿಗಳು ಹತ್ತಿರವಿರುವಾಗಲೇ ಗೊತ್ತಾಗಲಿ. ನಾಲ್ಕನೇ ದಿನ ಖರ್ದುಂಗ್ ಲಾ ರಸ್ತೆಯಲ್ಲಿ ಸುಮಾರು 4,000 ಮೀಟರ್‌ವರೆಗೆ ನಿಧಾನ ಏರಿ, ಲೇಹ್‌ಗೇ ಇಳಿದು ಮಲಗಿ. ಮೇಲೆ ಹೋಗಿ ಕೆಳಗೆ ಮಲಗುವುದು ಒಗ್ಗಿಕೊಳ್ಳಲು ಬಲ್ಲವರು ಅನುಸರಿಸುವ ಕ್ರಮ.

ಅಸೆಟಜೋಲಮೈಡ್ ಮಾತ್ರೆ, ಅಂದರೆ ಡಯಾಮಾಕ್ಸ್, ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಿ. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರ ಬರುವುದು ಅದರ ಸಾಮಾನ್ಯ ಪರಿಣಾಮ. ನೀರು ಹೆಚ್ಚು ಕುಡಿಯಬೇಕು. ಮದ್ಯ, ನಿದ್ದೆ ಮಾತ್ರೆ ಬೇಡ.

ಹೊರಡುವ ಮುನ್ನ ಕೊನೆಯ ಪರೀಕ್ಷೆ: ನಾಲ್ಕನೇ ರಾತ್ರಿ ತಲೆನೋವಿಲ್ಲದೆ ನಿದ್ದೆ ಬಂದಿದ್ದರೆ ಹೊರಡಿ. ಇಲ್ಲದಿದ್ದರೆ ಇನ್ನೊಂದು ದಿನ ಕೂರಿ.

## ಹಂತ 6: ಸಿಂಧೂ ಕಣಿವೆ, ಲೇಹ್‌ನಿಂದ ಸುಮ್ಡೋ

ನಾಲ್ಕು ದಿನದ ತುಳಿತ, ನಡುವೆ ಒಂದು ದಿನ ವಿಶ್ರಾಂತಿ.

ಮೊದಲ ದಿನ ಲೇಹ್‌ನಿಂದ ಉಪ್ಶಿ, 50 ಕಿ.ಮೀ.ಗೆ ತುಸು ಕಡಿಮೆ. ಕಾರೂವರೆಗೆ ವಾಹನ ದಟ್ಟಣೆ ಇದೆ, ಬೆಳಿಗ್ಗೆ ಆರಕ್ಕೆ ಹೊರಟರೆ ತಪ್ಪುತ್ತದೆ. ಉಪ್ಶಿಯಲ್ಲಿ ಮನಾಲಿ ರಸ್ತೆ ಸೇತುವೆ ದಾಟಿ ಬೇರೆಯಾಗುತ್ತದೆ. ನೀವು ಸೇತುವೆ ದಾಟದೆ ನದಿ ಹಿಡಿದು ಮುಂದೆ.

ಎರಡನೇ ದಿನ ಉಪ್ಶಿಯಿಂದ ಕಿಯಾರಿ ಕಡೆಗೆ, ಮೂರನೇ ದಿನ ಚುಮಾಥಾಂಗ್. ಎರಡೂ ದಿನ ಸೇರಿ ಸುಮಾರು 90 ಕಿ.ಮೀ. ಅಂಕಿ ನೋಡಿ ಒಂದೇ ದಿನದಲ್ಲಿ ಮುಗಿಸುವ ಆಸೆ ಹುಟ್ಟುತ್ತದೆ. ಮುಗಿಸಲೂಬಹುದು. ಆದರೆ ಒಂದೇ ದಿನದಲ್ಲಿ 600 ಮೀಟರ್ ಏರಿ, ಸುಸ್ತಾಗಿ, 4,000 ಮೀಟರ್‌ನಲ್ಲಿ ಮಲಗಿದಂತಾಗುತ್ತದೆ. ಕಂದರ ಇಕ್ಕಟ್ಟು, ಸೇನೆಯ ಟ್ರಕ್ಕುಗಳು ಸಾಲಾಗಿ ಬರುತ್ತವೆ. ಸಾಲು ಕಂಡರೆ ರಸ್ತೆ ಅಗಲವಿರುವಲ್ಲಿ ಇಳಿದು ನಿಂತುಬಿಡಿ, ನದಿಯ ಅಂಚಿಗೆ ಸರಿಯಬೇಡಿ. ಮಳೆ ಬಂದ ದಿನ ಕಲ್ಲು ಉದುರಿದ ಗುರುತಿರುವ ತಿರುವುಗಳಲ್ಲಿ ನಿಲ್ಲದೆ ದಾಟಿ. ಸೇತುವೆ, ಸೇನಾ ನೆಲೆಗಳ ಫೋಟೋ ತೆಗೆಯುವಂತಿಲ್ಲ.

ಚುಮಾಥಾಂಗ್‌ನಲ್ಲಿ ಒಂದು ದಿನ ಇರಿ. ನದಿ ದಡದಲ್ಲಿ ಬಿಸಿನೀರ ಬುಗ್ಗೆಗಳಿವೆ, ಗೆಸ್ಟ್‌ಹೌಸುಗಳಿವೆ. ತೀರಾ ಬಿಸಿ ನೀರಿನಲ್ಲಿ ಬಹಳ ಹೊತ್ತು ಕೂತರೆ ತಲೆಸುತ್ತು ಬರುತ್ತದೆ, ಅದನ್ನು ಎತ್ತರದ ಕಾಯಿಲೆ ಎಂದು ಗಾಬರಿಯಾಗಬೇಕಾದೀತು. ಆಮೇಲೆ ಮಾಹೆ ಸೇತುವೆ, ಅಲ್ಲಿ ಕಾಗದಪತ್ರ ತೋರಿಸಿ ನದಿ ದಾಟಿ ಬಲಕ್ಕೆ ಒಳಕಣಿವೆ ಹಿಡಿದರೆ ಸುಮ್ಡೋ. ಇದು ಗಿಡ್ಡ ದಿನ. ಗಿಡ್ಡದಾಗಿಯೇ ಇರಲಿ.

ನೀರು. ಸಿಂಧೂ ನೀರಿನಲ್ಲಿ ಹೂಳು ಜಾಸ್ತಿ. ಫಿಲ್ಟರಿಗೆ ನೇರ ಹಾಕಿದರೆ ಎರಡು ದಿನದಲ್ಲಿ ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್. ಅದಕ್ಕಿಂತ ಹಳ್ಳಿಯ ಮನೆಗಳಲ್ಲಿ, ಢಾಬಾಗಳಲ್ಲಿ ಕೇಳಿ ತುಂಬಿಸಿಕೊಳ್ಳುವುದು ಒಳ್ಳೆಯದು. ದಿನಕ್ಕೆ ನಾಲ್ಕು ಲೀಟರ್ ಕುಡಿಯಿರಿ, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿ.

## ಹಂತ 7: ನಮ್‌ಶಾಂಗ್ ಲಾ ದಾಟಿ ಕೋರ್ಝೋಕ್

ಸುಮ್ಡೋದಲ್ಲಿ ಬೆಳಿಗ್ಗೆ ಎದ್ದಾಗ ತಲೆನೋವು, ವಾಕರಿಕೆ ಇದ್ದರೆ ಆ ದಿನ ಹೊರಡಬೇಡಿ. ಮುಂದಿರುವುದು ಮೊದಲು ಹೇಳಿದ ಬೋಗುಣಿ. ಇಲ್ಲಿಂದ ಚುಮಾಥಾಂಗ್‌ಗೆ ಇಳಿಯುವುದು ಸುಲಭ, ಕೋರ್ಝೋಕ್‌ನಿಂದ ಅಲ್ಲ.

ನಮ್‌ಶಾಂಗ್ ಲಾ 4,800 ಮೀಟರ್ ದಾಟಿದ ಘಾಟಿ. ಏರು ತೀರಾ ಕಡಿದಲ್ಲ. ಇಪ್ಪತ್ತು ನಿಮಿಷ ತುಳಿದು ಎರಡು ನಿಮಿಷ ನಿಲ್ಲುವ ಲಯ ಹಿಡಿದರೆ ಬೆಳಗಿನ ಹೊತ್ತಿನಲ್ಲೇ ಮುಗಿಯುತ್ತದೆ. ಮಾತಾಡುತ್ತಾ ತುಳಿಯಲು ಆಗುತ್ತಿಲ್ಲವೆಂದರೆ ವೇಗ ಹೆಚ್ಚಾಯಿತು ಎಂದರ್ಥ. ಇಳಿದ ಮೇಲೆ ಕಿಯಾಗರ್ ತ್ಸೋ ಎಂಬ ಚಿಕ್ಕ ಸರೋವರ. ಎಷ್ಟೋ ಜನ ಇದನ್ನೇ ತ್ಸೋ ಮೊರಿರಿ ಅಂದುಕೊಂಡು "ಬಂದೇಬಿಟ್ಟೆವು" ಎಂದು ನೀರು, ತಿಂಡಿ ಮುಗಿಸಿಬಿಡುತ್ತಾರೆ. ಕೋರ್ಝೋಕ್ ಇನ್ನೂ ದೂರವಿದೆ, ಮಧ್ಯಾಹ್ನದ ಎದುರುಗಾಳಿ ಕಾಯುವುದೂ ಅಲ್ಲೇ. ಸುಮ್ಡೋದಿಂದಲೇ ನಾಲ್ಕು ಲೀಟರ್ ತುಂಬಿಸಿಕೊಂಡು ಬನ್ನಿ. ಕಿಯಾಗರ್ ತ್ಸೋ ನೀರೂ ತ್ಸೋ ಮೊರಿರಿ ನೀರೂ ಸವಳು, ಕುಡಿಯಲು ಬಾರದು.

ಸರೋವರದ ದಡದಲ್ಲಿ ಟೆಂಟ್ ಹಾಕುವಂತಿಲ್ಲ. ಇದು 2002ರಿಂದ ರಾಮ್ಸರ್ (ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ) ಜೌಗುಪ್ರದೇಶ, ಕಪ್ಪು ಕತ್ತಿನ ಕ್ರೌಂಚಗಳು ಗೂಡು ಕಟ್ಟುವ ಜಾಗ. ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಯಲ್ಲಿ ಕಾಣುವ ಪಟ್ಟೆತಲೆ ಹೆಬ್ಬಾತಿನ ಜಾತಿ ಬೇಸಿಗೆಯಲ್ಲಿ ಇಲ್ಲಿ ಮರಿ ಮಾಡುತ್ತದೆ. ದಂಡೆಯ ಹುಲ್ಲಿನ ಮೇಲೆ ಸೈಕಲ್ ಓಡಿಸಬೇಡಿ. ಹಳ್ಳಿಯ ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಇರಿ. ನಡುವಿನ ದಿನ ಸೈಕಲ್ಲಿಗೂ ರಜೆ: ಎಲ್ಲ ಬೋಲ್ಟು ಬಿಗಿಮಾಡಿ, ಪ್ಯಾಡ್ ನೋಡಿ, ಚೈನ್ ಒರೆಸಿ.

ಬೀದಿನಾಯಿಗಳ ಬಗ್ಗೆ ಎಚ್ಚರ. ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿಯಿರಿ, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಿಧಾನ ನಡೆಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು–ನೀರಿನಲ್ಲಿ ತೊಳೆದು, ಪ್ರವಾಸ ನಿಲ್ಲಿಸಿ ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆಯನ್ನು ಮುಂದೂಡುವ ಪ್ರಶ್ನೆಯೇ ಇಲ್ಲ.

## ಹಂತ 8: ಪುಗಾ, ಪೊಲೊಕೊಂಕಾ ಲಾ, ತ್ಸೋ ಕಾರ್

ಕೋರ್ಝೋಕ್‌ನಿಂದ ಬಂದ ದಾರಿಯಲ್ಲೇ ಸುಮ್ಡೋಗೆ ಮರಳಿ, ಎಡಕ್ಕೆ ಪುಗಾ ಕಣಿವೆ. ಅದೇ ದಿನ ಪುಗಾ ತಲುಪಿ ನಿಲ್ಲಿ. ಇಲ್ಲಿ ನೆಲದಡಿ ಬಿಸಿನೀರು, ಗಂಧಕ, ಬೋರಾಕ್ಸ್. ಮೇಲೆ ಬಿಳಿ ಪೊರೆ ಕಟ್ಟಿದ ನೆಲ ಗಟ್ಟಿ ಕಾಣುತ್ತದೆ, ಕೆಳಗೆ ಬಿಸಿ ಕೆಸರು ಇರಬಹುದು. ದಾರಿ ಬಿಟ್ಟು ಹೋಗಬೇಡಿ. ತೊರೆಯ ನೀರನ್ನು ಸೋಸಿಯೂ ಕುಡಿಯಬೇಡಿ, ಕರಗಿದ ಖನಿಜವನ್ನು ಸಾಮಾನ್ಯ ಫಿಲ್ಟರ್ ತೆಗೆಯುವುದಿಲ್ಲ. ಮರುದಿನದ ನೀರನ್ನೂ ಸುಮ್ಡೋದಲ್ಲೇ ಹಿಡಿದಿಟ್ಟುಕೊಳ್ಳಿ: ತಲೆಗೆ ಆರು ಲೀಟರ್.

ಪೊಲೊಕೊಂಕಾ ಲಾ 5,000 ಮೀಟರಿಗೆ ಸ್ವಲ್ಪ ಕಡಿಮೆ. ಈ ಸುತ್ತಿನ ಅತ್ಯಂತ ನಿರ್ಜನ ತುಂಡು ಇದು. ಯಾವ ಭಾಗಕ್ಕೆ ಟಾರು ಬಿದ್ದಿದೆ ಎಂಬುದು ವರ್ಷ ವರ್ಷ ಬದಲು, ಮಾಹೆಯಲ್ಲಿ ಚಾಲಕರನ್ನು ಕೇಳಿಕೊಳ್ಳಿ. ಕಚ್ಚಾ ಭಾಗದಲ್ಲಿ ಅಲೆಅಲೆಯಾದ ನೆಲ ಕ್ಯಾರಿಯರ್ ಬೋಲ್ಟನ್ನು ಬಿಚ್ಚಿಹಾಕುತ್ತದೆ. ಗಂಟೆಗೊಮ್ಮೆ ಇಳಿದು ಕೈಯಿಂದ ಅಲುಗಾಡಿಸಿ ನೋಡಿ. ಮರಳು ಬಂದರೆ ಟೈರಿನ ಗಾಳಿ ಇಳಿಸಿ, ಹಗುರ ಗೇರಿನಲ್ಲಿ, ಹಿಂದಕ್ಕೆ ವಾಲಿ ಕೂತು ತುಳಿಯಿರಿ. ಹ್ಯಾಂಡಲ್ ಬಲವಾಗಿ ತಿರುಗಿಸಿದರೆ ಮುಂಚಕ್ರ ಹೂತು ಬೀಳುತ್ತೀರಿ.

ಇಳಿದರೆ ತ್ಸೋ ಕಾರ್ ಬಯಲು. ವಾಹನಗಳು ಎಳೆದ ಹತ್ತಾರು ಜಾಡುಗಳು ಕವಲೊಡೆದಿರುತ್ತವೆ. ನೇರ ಸರೋವರದ ಕಡೆಗೆ ಹೋಗುವ ಜಾಡು ಹಿಡಿಯುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ದಂಡೆಯ ಬಿಳಿ ಉಪ್ಪಿನ ನೆಲ ಚಕ್ರ ನುಂಗುತ್ತದೆ, ಅಂಟಿದ ಉಪ್ಪು ಎರಡೇ ದಿನದಲ್ಲಿ ಚೈನಿಗೆ ತುಕ್ಕು ಹಿಡಿಸುತ್ತದೆ. ದೊಡ್ಡ ಜಾಡು ಹಿಡಿದು ಥುಕ್ಜೆ ಹಳ್ಳಿಗೆ ಬನ್ನಿ, ಅಲ್ಲಿ ತಂಗಲು ಜಾಗ, ಕುಡಿಯುವ ನೀರು ಎರಡೂ ಸಿಗುತ್ತವೆ. ಮಧ್ಯಾಹ್ನ ಎರಡರೊಳಗೆ ತಲುಪದಿದ್ದರೆ ಈ ಬಯಲಿನ ಗಾಳಿಯಲ್ಲಿ ಸಮತಟ್ಟು ನೆಲದಲ್ಲೂ ತಳ್ಳಿಕೊಂಡು ನಡೆಯಬೇಕಾಗಬಹುದು.

## ಹಂತ 9: ತಗ್ಲಾಂಗ್ ಲಾ ಮತ್ತು ಇಳಿಜಾರು

ಥುಕ್ಜೆಯಿಂದ ಡೆಬ್ರಿಂಗ್ ಕಡೆಗೆ ಗಿಡ್ಡ ದಿನ, ಸುಮಾರು 20 ಕಿ.ಮೀ. ಮನಾಲಿ–ಲೇಹ್ ಹೆದ್ದಾರಿ ಸೇರಿ, ಅಲ್ಲಿನ ಡೇರೆ ಢಾಬಾದಲ್ಲಿ ಮಲಗಿ. ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟು ಸುಮಾರು 20 ಕಿ.ಮೀ. ಏರು. ಅದಕ್ಕೂ ಮೊದಲು ಹೊರಟರೆ ಮೇಲಿನ ತಿರುವುಗಳಲ್ಲಿ ರಾತ್ರಿಯ ಮಂಜುಗಡ್ಡೆ ಇರಬಹುದು, ತಡವಾದರೆ ಮೋಡ, ಗಾಳಿ. ತುದಿಯಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ.

ಇಳಿಯುವ ಮುನ್ನ ಇರುವ ಬಟ್ಟೆಯೆಲ್ಲ ಹಾಕಿಕೊಳ್ಳಿ, ನಡುಗಲು ಶುರುವಾದ ಮೇಲಲ್ಲ. ಮರಗಟ್ಟಿದ ಬೆರಳಿಗೆ ಬ್ರೇಕು ಹಿಡಿಯಲು ಆಗುವುದಿಲ್ಲ. ರುಮ್ತ್ಸೆಯವರೆಗೆ ಸಾವಿರ ಮೀಟರಿಗೂ ಹೆಚ್ಚಿನ ಇಳಿತ. ಬ್ರೇಕನ್ನು ಸದಾ ಉಜ್ಜುತ್ತಾ ಇಳಿಯದೆ, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಆಮೇಲೆ ಪೂರ್ತಿ ಬಿಡಿ. ಐದು ಕಿ.ಮೀ.ಗೊಮ್ಮೆ ನಿಂತು ಡಿಸ್ಕ್ ತಣಿಯಲು ಬಿಡಿ. ಲಿವರ್ ಹ್ಯಾಂಡಲಿಗೆ ತಾಗುತ್ತಿದೆ, ಕಿರ್ರನೆ ಲೋಹದ ಸದ್ದು ಬರುತ್ತಿದೆ ಎಂದರೆ ಪ್ಯಾಡ್ ಮುಗಿದಿದೆ, ಅಲ್ಲೇ ಬದಲಿಸಿ. ಗ್ಯಾ, ಮಿರು ದಾಟಿ ಉಪ್ಶಿಯಲ್ಲಿ ರಾತ್ರಿ.

## ಹಿಂದಿರುಗಲೇಬೇಕಾದ ಲಕ್ಷಣಗಳು

ಸುಸ್ತು, ನೀರಿನ ಕೊರತೆ, ಎತ್ತರದ ಕಾಯಿಲೆ ಮೂರೂ ಸೈಕಲ್ ಸವಾರರಿಗೆ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಹೀಗೆ: ನಿಲ್ಲಿ, ಏನಾದರೂ ತಿನ್ನಿ, ಒಂದು ಲೀಟರ್ ಓಆರ್‌ಎಸ್ ನೀರು ನಿಧಾನ ಕುಡಿಯಿರಿ, ಒಂದು ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಎರಡು ಗಂಟೆಯಲ್ಲಿ ತಲೆನೋವು ಹೋಗದಿದ್ದರೆ ಅದು ಎತ್ತರದ್ದೇ ಎಂದು ಎಣಿಸಿ, ಮುಂದೆ ಏರಬೇಡಿ.

ಇವು ಕಂಡರೆ ಚರ್ಚೆ ಬೇಡ, ಕೂಡಲೇ ಇಳಿಯಬೇಕು, ರಾತ್ರಿಯಾದರೂ ಸರಿ:

- ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದರೆ ತೂರಾಡುವುದು, ಮಾತು ತೊದಲುವುದು, ವಿಚಿತ್ರ ಹಟ. ಇದು ಮಿದುಳಿನ ಊತ.
- ಕೂತಲ್ಲೇ ಏದುಸಿರು, ಮಲಗಿದರೆ ಹೆಚ್ಚಾಗುವ ಕೆಮ್ಮು, ನೀಲಿ ತುಟಿ, ಗುಲಾಬಿ ನೊರೆಯ ಕಫ. ಇದು ಶ್ವಾಸಕೋಶದಲ್ಲಿ ನೀರು ತುಂಬುವುದು.

ಇಂಥವರನ್ನು ಸೈಕಲ್ ತುಳಿಸಿಕೊಂಡು ಇಳಿಸಬೇಡಿ, ಶ್ರಮದಿಂದ ಪರಿಸ್ಥಿತಿ ಬಿಗಡಾಯಿಸುತ್ತದೆ. ಜೀಪು ಹಿಡಿಯಿರಿ, ಹತ್ತಿರದ ಸೇನಾ ನೆಲೆಯಲ್ಲಿ ಸಹಾಯ ಕೇಳಲು ಸಂಕೋಚ ಬೇಡ. ಅಂಗಡಿಯಲ್ಲಿ ಸಿಗುವ ಪುಟ್ಟ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದು ಚಿಕಿತ್ಸೆಯಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಒಂದನ್ನೇ ನಂಬಬೇಡಿ. ತಣ್ಣಗಿನ ಬೆರಳಲ್ಲಿ ಅದು ತಪ್ಪು ತೋರಿಸುತ್ತದೆ, ಲಕ್ಷಣವೇ ಮುಖ್ಯ. ಒಬ್ಬರೇ ಹೋದರೆ ತೂರಾಟವನ್ನು ಗಮನಿಸಿ ಹೇಳುವವರೇ ಇರುವುದಿಲ್ಲ. ಕನಿಷ್ಠ ಇಬ್ಬರಾದರೂ ಹೋಗಿ.

## ಹಂತ 10: ಲೇಹ್‌ಗೆ ವಾಪಸು

ಉಪ್ಶಿಯಿಂದ ಕೊನೆಯ ದಿನ ಪೂರ್ತಿ ಇಳಿಜಾರು ಅಂದುಕೊಳ್ಳಬೇಡಿ. ಚೋಗ್ಲಮ್ಸರ್‌ನಿಂದ ಲೇಹ್ ಪೇಟೆಯವರೆಗೆ ಸುಮಾರು 250 ಮೀಟರ್ ಏರು, ಅದೂ ಬಿಸಿಲು, ಹೊಗೆ, ವಾಹನಗಳ ನಡುವೆ. ಅದಕ್ಕಾಗಿ ಒಂದು ಲೀಟರ್ ನೀರು, ಒಂದು ಚಿಕ್ಕಿ ಉಳಿಸಿಕೊಳ್ಳಿ.

ವಿಮಾನಕ್ಕೂ ಮರಳುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಇರಲಿ. ಒಂದು ದಾರಿಯಲ್ಲಾಗುವ ತಡಕ್ಕೆ, ಇನ್ನೊಂದು ಹವಾಮಾನದಿಂದ ರದ್ದಾಗುವ ವಿಮಾನಕ್ಕೆ. ಪೆಟ್ಟಿಗೆಗೆ ತುಂಬುವ ಮುನ್ನ ಇಡೀ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಹಾಕಿ. ತ್ಸೋ ಕಾರ್‌ನ ಉಪ್ಪು ಸ್ಪೋಕಿನ ನಿಪ್ಪಲ್‌ಗಳಲ್ಲಿ, ಬೋಲ್ಟಿನ ತಲೆಗಳಲ್ಲಿ ಕೂತಿರುತ್ತದೆ, ಅಲ್ಲಿಗೆ ಟೂತ್‌ಬ್ರಶ್ಶೇ ಬೇಕು.